ಇನ್ನೊಂದು ಪಕ್ಷದ ಪುಸ್ತಕ

"ಸರ್, ಸಿದ್ಧರಾಮನ ಪುಸ್ತಕ ಮತ್ತ ಖಾಲಿ ಆದ್ವು ನೋಡ್ರಿ," ಎಂದ ಮುಕ್ತಾರ.

ಇಂಡಿ ಬಸ್ ನಿಲ್ದಾಣದ ಎದುರು ಅವನದು ಪುಸ್ತಕ, ಪೆನ್ನುಗಳ ಅಂಗಡಿ. ರೀಫಿಲ್ ಕೊಳ್ಳಲು ಬಂದಿದ್ದ ಆನಂದತೀರ್ಥ ಕುಲಕರ್ಣಿಯವರು ಗಾಜಿನ ಕಪಾಟಿನ ಮೇಲಿನ ಸಾಲು ನೋಡಿದರು. ಹೋದ ವಾರ ಅಲ್ಲಿ ಕೆಂಪು ಹೊದಿಕೆಯ ಪುಸ್ತಕಗಳು ನಿಂತಿದ್ದವು. ಈಗ ಕಂಪಾಸ್ ಪೆಟ್ಟಿಗೆಗಳಿದ್ದವು.

"ನನ್ನವು?"

"ನಿಮ್ಮವು ಅದಾವ್ರಿ," ಮುಕ್ತಾರ ಸಮಾಧಾನ ಹೇಳುವವನಂತೆ ಅಂದ. "ಯಾವಾಗ ಬೇಕಂದ್ರೂ ಸಿಗ್ತಾವ."

ಆನಂದತೀರ್ಥರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಪುಸ್ತಕದ ಹೆಸರು 'ಮುಯ್ಯಾಳು'. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲದಲ್ಲಿ ದುಡಿಯಬೇಕು, ನಡುವೆ ಕೂಲಿಯ ಮಾತಿಲ್ಲ. ಆ ಪದ್ಧತಿಯ ಬಗ್ಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳನ್ನು ತಿರುಗಿ ವರ್ಷಗಟ್ಟಲೆ ಕೂತು ಬರೆದದ್ದು. ಅದರಲ್ಲಿ ಒಂದು ತಪ್ಪಿದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಓದಬೇಕಾಗಿತ್ತು.

ಸಿದ್ಧರಾಮ ಅವರ ಶಿಷ್ಯ. ಯಂಕಂಚಿಯವನು, ಸಿಂದಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಬರೆದ ತೆಳ್ಳನೆಯ ಪುಸ್ತಕ 'ನನ್ನ ತಾಟು ನನಗೆ'. "ಹಂಚಿ ತಿಂದವನಿಗೆ ಕೊನೆಗೆ ಉಳಿಯುವುದು ತಾಟು ತೊಳೆಯುವ ಕೆಲಸ" ಎಂದು ಅದು ಶುರುವಾಗುತ್ತದೆ. ಮುಂದೆ ಪುಟಪುಟಕ್ಕೂ ಅದೇ ಪಟ್ಟು. ಅಣ್ಣತಮ್ಮಂದಿರಿಗೆ ಜಾಮೀನು ನಿಲ್ಲಬೇಡ. ಬೀಗರ ಮುನಿಸಿಗೆ ಹೆದರಬೇಡ. ಮದುವೆಯಲ್ಲಿ ಉಡುಗೊರೆ ಕೊಡುವ ಆಯಾರ ಎಂದರೆ ಸೀರೆಯಲ್ಲಿ ಸುತ್ತಿ ಕೊಟ್ಟ ಬೆದರಿಕೆ. ತ್ಯಾಗ ಮಾಡು ಎಂದು ಹೇಳುವವನ ಕೈ ಎಲ್ಲಿದೆ ನೋಡಿಕೋ, ನಿನ್ನ ಕಿಸೆಯಲ್ಲಿರುತ್ತದೆ.

ಪುಸ್ತಕ ಬಂದು ವರ್ಷವಾಗಿರಲಿಲ್ಲ, ನಾಲ್ಕೂ ತಾಲೂಕುಗಳಲ್ಲಿ ಅದರದೇ ಸುದ್ದಿ. ಮುದ್ದೇಬಿಹಾಳದಲ್ಲಿ ಒಬ್ಬರು ಮಗಳ ಮದುವೆ ಪತ್ರಿಕೆಯಲ್ಲಿ 'ಆಯಾರ ತರಬಾರದು, ನಾವೂ ನಿಮ್ಮಲ್ಲಿಗೆ ತರುವುದಿಲ್ಲ' ಎಂದು ಅಚ್ಚು ಹಾಕಿಸಿದರು. ಬಂದ ಬೀಗರು ಅಕ್ಷತೆ ಹಾಕಿ ಊಟ ಮಾಡದೆ ಹೋದರು. ಸಿಂದಗಿಯಲ್ಲಿ ಹೊಲ ಪಾಲಾಗಿದ್ದ ಅಣ್ಣತಮ್ಮಂದಿರು, ಇದು ನಿನ್ನ ಬಗ್ಗೆಯೇ ಬರೆದದ್ದು, ಓದು ಎಂದು ಒಬ್ಬರಿಗೊಬ್ಬರು ಅದೇ ಪುಸ್ತಕ ಕಳಿಸಿದರು. ಬಸವನ ಬಾಗೇವಾಡಿಯ ಶಿಕ್ಷಕಿ ಜಾಸ್ಮಿನ ಒಂದು ಸಮಾರಂಭದಲ್ಲಿ ಎದ್ದು ನಿಂತು, "ಇಂಥಾ ಹೊಲಸು ಪುಸ್ತಕ ನಾ ಎಲ್ಲೂ ಓದಿಲ್ಲ, ಎರಡು ಸಲ ಓದೀನಿ," ಎಂದರಂತೆ.

ಆನಂದತೀರ್ಥರು ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆದರು. ಪುಸ್ತಕದ ವಾದ ಎಲ್ಲೆಲ್ಲಿ ಕುಂಟುತ್ತದೆ, ಉದಾಹರಣೆಗಳು ಎಲ್ಲೆಲ್ಲಿ ಹುಸಿ ಎಂದು ಒಂದೊಂದಾಗಿ ತೋರಿಸಿದರು. ಅಚ್ಚಾದದ್ದನ್ನು ಮೂರು ಸಲ ಓದಿಕೊಂಡರು. ಮುಂದಿನ ವಾರ ಮುಕ್ತಾರ ಸಿಕ್ಕಾಗ ಕೈ ಮುಗಿದ.

"ಭಾಳ ಉಪಕಾರ ಆತ್ರಿ ಸರ್. ನೀವು ಬೈದು ಬರದ್ರಲ್ಲ, ಆ ವಾರ ಬಂದ ಪುಸ್ತಕದ ಗಂಟು ಆ ವಾರನ ಹೋತು."

ಹೊರಗಿನವರ ಮಾತು ಹೇಗೋ ತಡೆಯಬಹುದು. ಒಂದು ಮಧ್ಯಾಹ್ನ ಮನೆಗೆ ಬಂದಾಗ ಅವರ ಹೆಂಡತಿ ಮಂಜರಿ ಜೋಕಾಲಿಯ ಮೇಲೆ ಕೂತು ಕೆಂಪು ಹೊದಿಕೆಯ ಪುಸ್ತಕ ಓದುತ್ತಿದ್ದರು. ಓದುತ್ತ ನಗುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ನಗು ಆನಂದತೀರ್ಥರಿಗೆ ಹೊಸದೇನಲ್ಲ. ಅದಕ್ಕೆ ಪುಸ್ತಕವೊಂದು ಕಾರಣವಾದದ್ದು ಹೊಸದು.

"ಊಟ?"

"ನಂದು ಆತು. ನಿಮ್ಮದು ಅಲ್ಲೇ ಮುಚ್ಚಿಟ್ಟೇನಿ, ಹಾಕ್ಕೋರಿ."

"ಆ ಪುಸ್ತಕ ಹೇಳ್ತೇನು, ಮೊದಲ ನೀನ ಉಣ್ಣಂತ?"

"ಹಸಿವು ಹೇಳ್ತು. ಪುಸ್ತಕ ಹೂಂ ಅಂತು," ಎಂದು ಮಂಜರಿ ಮತ್ತೆ ನಕ್ಕರು.

ಆನಂದತೀರ್ಥರು ತಾಟು ಇಟ್ಟುಕೊಂಡು ಕೂತರು. ಭಕ್ಕರಿ ಮುರಿಯುತ್ತ, ಕೇಳಬಾರದು ಎಂದುಕೊಂಡೇ ಕೇಳಿದರು. "ನನ್ನ ಪುಸ್ತಕ ಎಲ್ಲಿತನಕ ಬಂತು?"

"ನಿಮ್ಮದು ಛಲೋ ಅದರೀ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ಹಿಡದ ಕೂಡ್ಲೇ ಪರೀಕ್ಷಾಕ್ಕ ಕೂತಂಗ ಆಗ್ತದ. ಸಿದ್ಧರಾಮಂದು ಹಂಗಲ್ಲ. ಬಾಗಲದಾಗ ನಿಂತು ಯಾರೋ ಜಗಳಾ ತಗದಂಗ ಅದ. ಎದ್ದು ಹೋಗಿ ನೋಡಬೇಕ ಅನಸ್ತದ."

ಆನಂದತೀರ್ಥರು ಇನ್ನೊಂದು ತುತ್ತು ಮುರಿದರು. ಬದನೆಕಾಯಿ ಪಲ್ಯದಲ್ಲಿ ಉಪ್ಪು ಸರಿಯಾಗಿತ್ತು. ಅದೂ ಅವರಿಗೆ ಸಿಟ್ಟು ತರಿಸಿತು.

ತಾಂಬಾ ಗ್ರಾಮದಿಂದ ಇಬ್ಬರು ಮನೆಗೆ ಬಂದದ್ದು ಆ ದಿನಗಳಲ್ಲಿ. ಒಬ್ಬರು ಮಾಳಿಂಗಪ್ಪನವರು. ಡೊಳ್ಳಿನ ಹಾಡಿಕೆಯ ಮೇಳದ ಹಿರಿಯರು, ತಲೆಗೆ ಹಳದಿ ರುಮಾಲು. ಇನ್ನೊಬ್ಬ ಊರ ಗ್ರಂಥಾಲಯ ನೋಡಿಕೊಳ್ಳುವ ರೇವಪ್ಪ. ಈ ಕಡೆಯ ಹಾಡಿಕೆ ಎಂದರೆ ಎರಡು ಮೇಳ, ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು.

"ಸಿದ್ಧರಾಮನ ಪುಸ್ತಕ ನಮ್ಮ ಊರಾಗ ಎಲ್ಲಾರೂ ಓದೇವ್ರಿ," ಎಂದರು ಮಾಳಿಂಗಪ್ಪ, ಚಹಾದ ಕಪ್ಪು ಕೆಳಗಿಟ್ಟು. "ಓದಾಕ ಬರಲಾರದವರಿಗೆ ರೇವಪ್ಪ ಓದಿ ಹೇಳ್ಯಾನ. ಛಲೋ ಸವಾಲ್ ಹಾಕ್ಯಾನ್ರಿ ಹುಡುಗ. ಆದ್ರ ಕಡೀ ಹಾಳಿ ತನಕ ಹುಡುಕಿದಿವಿ, ಜವಾಬ ಇಲ್ರಿ. ಅರ್ಧಾ ಹಾಡಕಿ ಮಾಡಿ ಎದ್ದು ಹೋದಂಗ ಆತಲ್ರಿ ಇದು!"

"ಅದು ಹಾಡಕಿ ಅಲ್ರಿ ಮಾಳಿಂಗಪ್ಪನವರ. ಅವಾ ಖರೇನ ಹಂಗ ನಂಬ್ಯಾನ."

ಮಾಳಿಂಗಪ್ಪನವರು ರೇವಪ್ಪನ ಮುಖ ನೋಡಿದರು. ಇಬ್ಬರೂ ನಕ್ಕರು.

"ಅದ್ಹ್ಯಾಂಗ್ರಿ? ನಾ ನಲವತ್ತು ವರ್ಷ ಹರದೇಶಿ ಹಾಡೇನಿ. ಹೆಣ್ಣಿಗೆ ಏನೇನ ಬೈದೇನಿ ಅಂತೀರಿ! ಮನಿಗೆ ಹೋದ್ರ ನಮ್ಮಾಕಿ ಕುಂಡ್ರು ಅಂದ್ರ ಕುಂಡ್ರತೇನಿ, ಏಳು ಅಂದ್ರ ಏಳ್ತೇನಿ. ಪಕ್ಷ ಬ್ಯಾರೆ, ಮನಿಷ್ಯಾ ಬ್ಯಾರೆ."

"ಅದಕ್ಕ ಸಿದ್ಧರಾಮಗ ಫೋನ್ ಹಚ್ಚಿದಿವ್ರಿ," ಎಂದ ರೇವಪ್ಪ. "ಇನ್ನೊಂದು ಪಕ್ಷದ ಪುಸ್ತಕ ಯಾವಾಗ ಬರ್ತೈತೋ ತಮ್ಮಾ ಅಂತ ಕೇಳಿದ್ರ, ಅದು ನನಕಿಂತ ಮೊದಲ ಬಂದೈತಿ, ಇಂಡ್ಯಾಗ ನಮ್ಮ ಕುಲಕರ್ಣಿ ಸರ್ ಬರದಾರ ಅಂದ."

ಆನಂದತೀರ್ಥರಿಗೆ ಮೈ ಬೆಚ್ಚಗಾಯಿತು. ಶಿಷ್ಯನ ದೊಡ್ಡತನವೋ, ಕುಚೋದ್ಯವೋ ತಿಳಿಯಲಿಲ್ಲ. ತನ್ನ ಪುಸ್ತಕದ ವಿಳಾಸವನ್ನು ಅವನು ಊರಿಗೆ ಹೇಳಬೇಕಾಗಿ ಬಂತಲ್ಲ ಎಂಬುದಷ್ಟೇ ಸ್ಪಷ್ಟವಾಗಿತ್ತು.

"ಹಂಗಾದ್ರ ನನ್ನ ಪುಸ್ತಕ ಓದಿದ್ರೇನು?"

"ಗ್ರಂಥಾಲಯದಾಗ ಐತ್ರಿ," ಎಂದರು ಮಾಳಿಂಗಪ್ಪ. "ರೇವಪ್ಪ ಎತ್ತಿ ತೋರಿಸಿದ. ವಜ್ಜಿ ಐತಿ."

ರವಿವಾರ ಮಧ್ಯಾಹ್ನ ತಾಂಬಾದ ಸಮುದಾಯ ಭವನದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುವುದು ಅವರ ವಿಚಾರ. ಗೆದ್ದವರಿಗೆ ಶಾಲು. ಹಾಡಬೇಕಾಗಿಲ್ಲ, ಮಾತಾಡಿದರೆ ಸಾಕು. "ಉಳಿದದ್ದೆಲ್ಲಾ ನಮ್ಮ ಮೇಳದ ರೀತೀನ ರೀ," ಎಂದರು ಮಾಳಿಂಗಪ್ಪ. ಆ ರೀತಿ ಏನೆಂದು ಆನಂದತೀರ್ಥರು ಕೇಳಲಿಲ್ಲ. ಈ ಸೀಮೆಯ ರೀತಿಗಳ ಬಗ್ಗೆ ದಪ್ಪ ಪುಸ್ತಕ ಬರೆದವರು ಕೇಳುವುದು ಚೆನ್ನಾಗಿ ಕಾಣುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ. ಸಿದ್ಧರಾಮನನ್ನು ಓದಿದ ಆ ಜನ ಒಂದು ಸಲವಾದರೂ ತನ್ನ ಕಡೆ ತಿರುಗಬೇಕು, 'ಮುಯ್ಯಾಳು' ಕೈಯಲ್ಲಿ ಹಿಡಿದು ಮನೆಗೆ ಹೋಗಬೇಕು. ಬರುತ್ತೇನೆ ಎಂದರು.

ರವಿವಾರ ಮಂಜರಿಯೂ ಜೊತೆಗೆ ಹೊರಟರು. ಒಂದು ಚೀಲ ತುಂಬ 'ಮುಯ್ಯಾಳು' ಇತ್ತು. ಭವನ ತುಂಬಿ, ಬಾಗಿಲ ಹೊರಗೂ ಜನ. ಸಿದ್ಧರಾಮ ಬೈಕಿನಿಂದ ಇಳಿದವನೇ ಆನಂದತೀರ್ಥರ ಕಾಲಿಗೆ ಬಿದ್ದ.

"ನೋಡ್ರಪಾ, ಯಾರ ಹಂಗೂ ಬ್ಯಾಡ ಅಂದಾವಾ ಕಾಲ ಹಿಡದ!" ಯಾರೋ ಕೂಗಿದರು.

"ಕಾಲ ಹಿಡದ್ರ ಖರ್ಚಿಲ್ಲಪಾ, ಅದಕ್ಕ," ಎಂದ ಸಿದ್ಧರಾಮ. ಭವನವೆಲ್ಲ ನಕ್ಕಿತು. ಇನ್ನೂ ವೇದಿಕೆ ಹತ್ತಿರಲಿಲ್ಲ, ಆಗಲೇ ಒಂದು ಪೆಟ್ಟು ಅವನದಾಗಿತ್ತು.

ಮೊದಲು ಸಿದ್ಧರಾಮ ತನ್ನ ಪಕ್ಷ ಹೇಳಿದ. ಎಲ್ಲ ಪುಸ್ತಕದ್ದೇ ಮಾತು, ಆದರೂ ಜನ ಮುಂದಿನ ಸಾಲು ತಾವೇ ಹೇಳಿ ಚಪ್ಪಾಳೆ ತಟ್ಟಿದರು. ಆಮೇಲೆ ಆನಂದತೀರ್ಥರು ಎದ್ದರು. ಮುಯ್ಯಾಳಿನ ಹುಟ್ಟು, ಅದರ ಬಗೆಗಳು, ಯಾವ ಬೆಳೆಗೆ ಯಾವ ರೀತಿ, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಅಗರಖೇಡದ ರೇವವ್ವನ ಪ್ರಸಂಗವನ್ನೂ ಹೇಳಿದರು. ಅದು ಯಾವ ಅಧ್ಯಾಯದಲ್ಲಿದೆ ಎಂಬುದನ್ನೂ ಹೇಳಿದರು. ಹಿಂದಿನ ಸಾಲಿನವರು ಚಹಾ ಕುಡಿಯಲು ಎದ್ದು ಹೋದರು. ಮುಂದಿನ ಸಾಲಿನವರು ಮರ್ಯಾದೆಗೆ ಕೂತಿದ್ದರು. ಅವರು ಕೂತ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಆನಂದತೀರ್ಥರು ಮುಗಿಸಿ ಕುರ್ಚಿಗೆ ಬಂದಾಗ ಮಾಳಿಂಗಪ್ಪನವರು ಎದ್ದು, ಡೊಳ್ಳಿಗೆ ಒಂದೇ ಪೆಟ್ಟು ಹಾಕಿದರು.

"ಈಗ ಪಕ್ಷ ಬದಲ್!"

ಚಹಾಕ್ಕೆ ಹೋದವರೆಲ್ಲ ಓಡಿ ಬಂದರು. ಅವರ ಮೇಳ ತನ್ನಷ್ಟಕ್ಕೆ ಪಾಲಿಸಿಕೊಂಡು ಬಂದ ಪದ್ಧತಿ ಅದು. ಕಡೆಯ ಸುತ್ತಿನಲ್ಲಿ ಹರದೇಶಿಯವನು ನಾಗೇಶಿ ಹಾಡಬೇಕು, ನಾಗೇಶಿಯವನು ಹರದೇಶಿ. ಎದುರಿನವನ ಪಕ್ಷವನ್ನು ಎದುರಿನವನಿಗಿಂತ ಚೆನ್ನಾಗಿ ಹಾಡಿದವನಿಗೆ ಶಾಲು.

"ಇದೇನ್ರಿ ಇದು?" ಆನಂದತೀರ್ಥರು ಕುರ್ಚಿಯಿಂದ ಅರ್ಧ ಎದ್ದರು. "ನಾ ಬರದದ್ದಕ್ಕ ನಾನ ವಿರುದ್ಧ ಮಾತಾಡಬೇಕೇನು?"

"ಹೌದ್ರಿ ಮತ್ತ. ಒಂದ ಪಕ್ಷ ಗೊತ್ತಿದ್ದಾವಗ ನಾವು ಹಾಡವಾ ಅನ್ನಂಗಿಲ್ರಿ, ಜಗಳಗಂಟ ಅಂತೇವಿ," ಎಂದರು ಮಾಳಿಂಗಪ್ಪ. "ಸಿದ್ಧರಾಮಾ, ಮೊದಲ ನೀ ಏಳಪಾ."

ಸಿದ್ಧರಾಮ ಎದ್ದು ಕುರ್ಚಿ ಹಿಂದಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಶುರು ಮಾಡಿದ.

"ಅಗರಖೇಡದಾಗ ರೇವವ್ವ ಅಂತ ಒಬ್ಬಾಕಿ ಇದ್ದಳು. ಗಂಡ ಸತ್ತ ವರ್ಷ ಜ್ವಾಳ ಕೊಯ್ಲಿಗೆ ಬಂದಿತ್ತು, ಮನ್ಯಾಗ ಆಳಿಲ್ಲ. ಮುಯ್ಯಿ ಬೇಡಬೇಕಂದ್ರ ಆಕಿ ಯಾರ ಹೊಲಕ್ಕೂ ಹೋಗಿರಲಿಲ್ಲ. ಮುಂಜಾನೆ ಎದ್ದು ಕುಡಗೋಲ ಹಿಡಕೊಂಡು ಒಬ್ಬಾಕೀನ ಹೋದಳು. ಹೋಗಿ ನೋಡಿದ್ರ ಹೊಲದಾಗ ಮಂದಿ ಐತಿ. ಯಾಕ ಬಂದ್ರೆಪಾ, ನಾ ನಿಮಗೇನೂ ಮಾಡಿಲ್ಲಲ್ಲ ಅಂದಳು. ಒಬ್ಬಾವ ಅಂದ, ನಿನ್ನ ಗಂಡ ನಮ್ಮ ಹೊಲಕ್ಕ ಬಂದಿದ್ದ ಬೇ, ನಿನಗ ಗೊತ್ತಿಲ್ಲ. ಇನ್ನೊಬ್ಬಾಕಿ ಅಂದಳು, ನಿಮ್ಮತ್ತಿ ನಮ್ಮತ್ತಿಗೆ ಬಾಣಂತನ ಮಾಡಿದ್ದಳು. ಎಲ್ಲಾರೂ ಒಂದೊಂದು ಸುಳ್ಳು ಹೊತಗೊಂಡು ಬಂದಿದ್ರು. ಕೊಡಾಕ ಬಂದೇವಿ ಅಂದ್ರ ಆಕಿ ತಲಿ ತಗ್ಗಿಸಬೇಕಾಕ್ಕಿತ್ತು. ಅದಕ್ಕ, ತೀರಿಸಾಕ ಬಂದೇವಿ ಅಂದ್ರು."

ಅಷ್ಟೇ ಹೇಳಿ ಅವನು ಕೂತ. ಹೆಂಗಸರ ಕಡೆ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಳಿಂಗಪ್ಪನವರು ಡೊಳ್ಳಿನ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ್ದರು. ಆನಂದತೀರ್ಥರು ಮಂಜರಿಯ ಕಡೆ ನೋಡಿದರು. ಮಂಜರಿ ಸಿದ್ಧರಾಮನ ಕಡೆ ನೋಡುತ್ತಿದ್ದರು.

ಅರ್ಧ ಗಂಟೆಯ ಹಿಂದೆ ಅದೇ ಕಥೆಯನ್ನು ಅದೇ ಜನರಿಗೆ ಅವರು ಹೇಳಿದ್ದರು. ಬಾಣಂತನದ ಮಾತು ಮಾತ್ರ ಅವರು ಇಲ್ಲಿ ಹೇಳಿರಲಿಲ್ಲ, ಅದು ಪುಸ್ತಕದಲ್ಲಷ್ಟೇ ಇತ್ತು. ಸಿದ್ಧರಾಮ 'ಮುಯ್ಯಾಳು' ಓದಿದ್ದಾನೆ ಎಂದಾಯಿತು. ಪೂರ್ತಿ ಓದಿದವನು ಬಹುಶಃ ಅವನೊಬ್ಬನೇ. ಓದಿ, ಅದರಲ್ಲಿ ಇದ್ದ ಒಂದೇ ಜೀವವನ್ನು ಎತ್ತಿಕೊಂಡು ಹೋಗಿದ್ದ.

ಅವರು ಎದ್ದಾಗ ಕೈಯಲ್ಲಿ ಕಾಗದವಿರಲಿಲ್ಲ.

"ಆ ರೇವವ್ವ ನನ್ನಾಕಿ," ಎಂದರು. ಧ್ವನಿ ಅವರಿಗೇ ಗುರುತು ಸಿಗಲಿಲ್ಲ. "ಬಿಸಲಾಗ ಅಗರಖೇಡಕ್ಕ ಹೋಗಿ ಆಕಿ ಮುಂದ ಕೂತು ಆ ಮಾತು ಕೇಳಿಕೊಂಡು ಬಂದಾವ ನಾನು. ಇವಾ ಕುರ್ಚಿ ಮ್ಯಾಲೆ ಕೂತು ಓದಿದ, ಇಲ್ಲಿ ಬಂದು ಹೇಳಿದ, ನೀವು ಅತ್ತ್ರಿ. ಯಾರಿಗೆ ಅತ್ತ್ರಿ? ಇವಗ ಅತ್ತ್ರಿ. ನಾ ಹೇಳಿದಾಗ ಚಹಾ ಕುಡೀಲಿಕ್ಕೆ ಹೋಗಿದ್ರಿ!"

ಭವನ ಗೊಳ್ಳೆಂದಿತು.

"ನಗಬ್ಯಾಡ್ರಿ. ಹಂಚ್ಕೋರಿ, ಹಂಚ್ಕೋರಿ ಅಂತ ಜೀವಾ ತೇದೆ ನಾನು. ಇವಗ ಬರೀಲಿಕ್ಕೆ ಕಲಿಸಿದಾವ ನಾನು. ಇವನ ಮೊದಲನೇ ಲೇಖನ ಕೆಂಪು ಶಾಯೀಲೆ ತಿದ್ದಿದಾವ ನಾನು. ಹಂಗ ಬಿಡಬೇಕಿತ್ತು! ತಪ್ಪ ಬರಕೋತ ಹೋಗಲಿ ಅನಬೇಕಿತ್ತು! ನನ್ನ ಹೇಂತಿ ನನ್ನ ಪುಸ್ತಕದಾಗ ಮೂವತ್ತನೇ ಪುಟದ ಮುಂದ ಹೋಗಿಲ್ಲ. ಇವನ ಪುಸ್ತಕ ಹಿಡದು ಜೋಕಾಲಿ ಮ್ಯಾಲೆ ಕೂತು ನಗತಾಳ. ಆ ನಗೀ ಕೇಳಿದ್ರ ನನಗ ಹೊಟ್ಟಿ ಉರೀತದ್ರಿ. ಇವಗ ನೆಗಡಿ ಆತಂದ್ರ ನನಗ ಸಂತೋಷ ಆಗ್ತದ. ಮುಕ್ತಾರನ ಅಂಗಡ್ಯಾಗ ಇವನ ಪುಸ್ತಕದ ಮ್ಯಾಲೆ ನನ್ನ ಪುಸ್ತಕ ಸರಿಸಿ ಇಟ್ಟು ಬಂದೇನಿ, ಒಂದು ಸಲ ಅಲ್ಲ. ಇದನ್ನೆಲ್ಲಾ ಒಳಗಿಟ್ಟು, ಹೊರಗ ಶಿಷ್ಯ ದೊಡ್ಡಾವ ಆದ ಅಂತ ನಕ್ಕೋತ ಓಡ್ಯಾಡೇನಿ. ಸಾಕ್ರಿ ಆ ಸಜ್ಜನಿಕಿ! ನನಗ ನಂದು ಬೇಕು. ನನ್ನ ಕಥಿ ನನಗ ಬೇಕು, ನನ್ನ ಚಪ್ಪಾಳಿ ನನಗ ಬೇಕು. ಇವಗ ಒಂದೂ ಕೊಡಂಗಿಲ್ಲ!"

ಸೀಟಿ, ಕೂಗು, ಚಪ್ಪಾಳೆ. ಯಾರೋ ರುಮಾಲು ಮೇಲೆ ಹಾರಿಸಿದರು. ಮಾಳಿಂಗಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಡೊಳ್ಳು ಬಾರಿಸಿಯೇ ಬಾರಿಸಿದರು. "ಏನ್ ಪಕ್ಷ ಕಟ್ಟಿದ್ರಿ ಸರ್! ಖರೇನ ಅನ್ನಂಗ ಹೇಳಿದ್ರಲ್ರಿ! ಸ್ವಂತ ಹೇಂತೀನೂ ತಂದು ಪದದಾಗ ಹಾಕಿದ್ರಿ!"

ಅವರಲ್ಲಿ ಒಬ್ಬನಿಗೂ ಅದು ಪಕ್ಷವಲ್ಲ ಎಂಬ ಅನುಮಾನ ಬರಲಿಲ್ಲ. ಆನಂದತೀರ್ಥರು ಕೂತರು. ಮೊದಲು ಹೆದರಿಕೆಯಾಯಿತು. ಆಮೇಲೆ ಚಪ್ಪಾಳೆ ಕಿವಿಗೆ ಬಿತ್ತು.

ಶಾಲು ಅವರಿಗೇ ಬಂತು.

ಆದರೆ ಜನ ಎದ್ದು ಹೋದದ್ದು ರೇವಪ್ಪನ ಮೇಜಿನ ಕಡೆಗೆ. ಅಲ್ಲಿ ಕೆಂಪು ಪುಸ್ತಕಗಳ ಗಂಟು ಬಿಚ್ಚಿತ್ತು. "ಸರ್ ಹೇಳಿದ ಪಕ್ಷದ ಪುಸ್ತಕ ಕೊಡೋ," ಎಂದು ಕೈ ಚಾಚುತ್ತಿದ್ದರು. ಮಂಜರಿಯ ಕಾಲ ಬಳಿಯಿದ್ದ ಚೀಲದ ಹತ್ತಿರ ಒಬ್ಬ ಮುದುಕ ಬಂದು, ಒಂದು 'ಮುಯ್ಯಾಳು' ಎತ್ತಿ, ಹಾಳೆ ತಿರುವಿ ಕೇಳಿದ. "ಹೇಂತಿ ನಕ್ಕಿದ್ದು ಇದರಾಗ ಐತೇನ್ರಿ ಅಕ್ಕಾರ?"

"ಇಲ್ರಿ ಯಜ್ಜಾ."

ಮುದುಕ ಪುಸ್ತಕವನ್ನು ಹುಷಾರಾಗಿ ತಿರುಗಿ ಇಟ್ಟ.

ಸಿದ್ಧರಾಮ ಜನರ ನಡುವಿನಿಂದ ಬಿಡಿಸಿಕೊಂಡು ಬಂದ. ಅವನ ಮುಖ ನೋಡಿ ಆನಂದತೀರ್ಥರು ಶಾಲು ಸರಿಪಡಿಸಿಕೊಂಡು ನೆಟ್ಟಗೆ ನಿಂತರು. ಆ ಮುಖದಲ್ಲಿದ್ದದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡುತ್ತ ಬಂದದ್ದು.

"ಸರ್, ಅದು ಪಕ್ಷ ಅಲ್ಲ. ಹೌದಲ್ರಿ?" ಎಂದ ತಗ್ಗಿದ ದನಿಯಲ್ಲಿ.

"ನಿನಗೇನ ಅನಸ್ತು?"

"ನನ್ನ ಪುಸ್ತಕದಾಗ ಇಷ್ಟು ಖರೇ ಒಂದು ಸಾಲಿಲ್ರಿ. ಅಂಗಡ್ಯಾಗ ಕೂತು ಚಂದ ಕಾಣ್ಲಿ ಅಂತ ಬರದದ್ದು. ನೀವು ನೆಗಡಿ ಅಂದ್ರಲ್ಲ, ಆ ಒಂದು ಮಾತು ನನಗ ಹೊಳದಿಲ್ಲ." ಇನ್ನಷ್ಟು ಹತ್ತಿರ ಬಂದು ಹೇಳಿದ. "ಮುಂದಿನ ಮುದ್ರಣಕ್ಕ ಮುನ್ನುಡಿ ಬರದ ಕೊಡ್ರಿ. ಇವತ್ತ ಹೇಳಿದ್ದ. ಈ ಜನಾ ಎಲ್ಲಾ ಓದ್ತಾರ."

ಆನಂದತೀರ್ಥರು ಬೇಡ ಎನ್ನಬೇಕಾಗಿತ್ತು. ಮೇಜಿನ ಸುತ್ತ ಮುತ್ತಿದ ಬೆನ್ನುಗಳನ್ನು ನೋಡಿದರು. ಒಬ್ಬ ಹೆಂಗಸು ಪುಸ್ತಕ ಬಿಚ್ಚಿ, ಅಲ್ಲೇ ನಿಂತು ಓದಲು ಶುರು ಮಾಡಿದ್ದಳು.

"ಹೆಸರು ಹೊದಿಕೀ ಮ್ಯಾಲೆ ಬರಬೇಕು," ಎಂದರು.

"ಹಾಕ್ತೇನ್ರಿ. ಕೆಳಗ, ಸಣ್ಣಕ್ಷರದಾಗ, ಮುನ್ನುಡಿ ಅಂತ..."

"ನಿನ್ನ ಹೆಸರಿನಷ್ಟ ದೊಡ್ಡದು. ಅದರ ಬಾಜೂಕ."

"ಪುಸ್ತಕ ನಂದಲ್ರಿ ಸರ್?"

"ಹೌದಪಾ. ಮಾತು ನಂದು."

ಸಿದ್ಧರಾಮ ಬೈಕಿನ ಚಾವಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಒಮ್ಮೆ ಮೇಜಿನ ಕಡೆ, ಒಮ್ಮೆ ಶಾಲಿನ ಕಡೆ ನೋಡಿದ. "ಆಗ್ಲಿ ತಗೋರಿ," ಎಂದ. ಕಾಲಿಗೆ ಬೀಳದೆ ಹೋದ.

ಇಂಡಿಯ ಬಸ್ಸಿನಲ್ಲಿ ಮಂಜರಿ ಕಿಟಕಿಯ ಬದಿಗೆ ಕೂತರು. ನಿಂಬೆ ತೋಟಗಳು ದಾಟಿದ ಮೇಲೆ ಹೇಳಿದರು. "ಮೂವತ್ತನೇ ಪುಟ ಅಲ್ಲ. ನಲವತ್ತೊಂದು."

"ಆತು, ನಲವತ್ತೊಂದು."

"ಆ ಮುನ್ನುಡ್ಯಾಗ ರೇವವ್ವಂದೂ ಬರೀರಿ. ಇವತ್ತ ಕೇಳಿದ್ಮ್ಯಾಲೆ ನನಗ ತಡೀಲಿಕ್ಕಾಗಲಿಲ್ಲ. ಎಲ್ಲಾರೂ ಓದಿದ್ರ ಛಲೋ."

ಆನಂದತೀರ್ಥರು ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಆಕಿ ಕಥಿ ಅವನ ಪುಸ್ತಕಕ್ಕ ಯಾಕ ಕೊಡಲಿ?" ಎಂದರು.